ಸಸ್ಯಾವಶೇಷಗಳು ಮತ್ತು ದಖನ್ನಿನ ಮೊದಲ ಬೇಸಾಯ

ಪ್ರಾಚೀನ ಜನವಸತಿಗಳ ಮಣ್ಣಿನಲ್ಲಿ ಉಳಿದುಬಂದ ಕಾಳು, ಹೊಟ್ಟು, ಹಣ್ಣಿನ ಓಟೆ, ಇದ್ದಿಲು, ಪರಾಗ, ಎಲೆ ಕಾಂಡಗಳೊಳಗಿನ ಸಿಲಿಕ ಕಣ ಮುಂತಾದವನ್ನು ಒಟ್ಟಾಗಿ ಸಸ್ಯಾವಶೇಷಗಳೆಂದು ಕರೆಯುತ್ತಾರೆ. ಇವುಗಳ ಅಧ್ಯಯನ ಪುರಾತತ್ತ್ವ ಸಸ್ಯವಿಜ್ಞಾನ. ಬರವಣಿಗೆ ಹುಟ್ಟುವ ಮೊದಲೇ ಬೇಸಾಯ ಹುಟ್ಟಿದ್ದರಿಂದ ಮೊದಲ ಬಿತ್ತನೆಯ ಬಗ್ಗೆ ಯಾವ ಶಾಸನವೂ ಇಲ್ಲ, ಯಾವ ಗ್ರಂಥವೂ ಇಲ್ಲ. ಕಲ್ಲಿನ ಕೊಡಲಿ, ಮಡಕೆಯ ಚೂರು, ದನದ ಮೂಳೆ ಇವು ಆ ಕಾಲದ ಬದುಕಿನ ಸುಳಿವು ಕೊಡುತ್ತವೆ, ನಿಜ. ಆದರೆ ಹೊಲದಲ್ಲಿ ಏನಿತ್ತು, ಯಾವ ಮಳೆಗೆ ಬಿತ್ತಿದರು, ಒಕ್ಕಿದ ಕಾಳನ್ನು ಮನೆಯಲ್ಲಿ ಏನು ಮಾಡಿದರು ಎಂಬ ಪ್ರಶ್ನೆಗಳಿಗೆ ಕಾಳೇ ಉತ್ತರ ಹೇಳಬೇಕು. ದಕ್ಷಿಣ ಭಾರತದ ಮಟ್ಟಿಗೆ ಈ ಉತ್ತರ ಸಿಕ್ಕಿದ್ದು ತೀರ ಇತ್ತೀಚೆಗೆ. ಬಳ್ಳಾರಿ, ರಾಯಚೂರು, ಹಾವೇರಿ ಸೀಮೆಯ ಹಳೆಯ ನೆಲೆಗಳ ಮಣ್ಣನ್ನು ನೀರಿನಲ್ಲಿ ತೊಳೆದು ನೋಡಿದ ಮೇಲೆ, ಇಲ್ಲಿನ ಬೇಸಾಯ ಹೊರಗಿನಿಂದ ಪೂರ್ತಿಯಾಗಿ ಬಂದ ವಿದ್ಯೆ ಎಂಬ ಹಳೆಯ ನಂಬಿಕೆ ನಿಲ್ಲದಾಯಿತು. ಹುರುಳಿ, ಹೆಸರು, ಕೊರಲೆ ಇವು ಈ ನೆಲದಲ್ಲೇ ಬೇಸಾಯಕ್ಕೆ ಬಂದ ಬೆಳೆಗಳೆಂಬುದು ಈಗ ಸಾಕಷ್ಟು ಗಟ್ಟಿಯಾಗಿದೆ.

ಕಾಳು ಉಳಿಯುವ ಬಗೆ

ಮಣ್ಣಿಗೆ ಬಿದ್ದ ಕಾಳು ಒಂದೋ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ, ಇಲ್ಲವೇ ಹುಳು ಇಲಿಗಳ ಪಾಲಾಗುತ್ತದೆ. ಸಾವಿರಾರು ವರ್ಷ ಉಳಿಯಬೇಕಾದರೆ ಅದಕ್ಕೆ ವಿಶೇಷ ಸಂದರ್ಭ ಬೇಕು. ಈಜಿಪ್ಟಿನ ಗೋರಿಗಳಂಥ ಕಡುಒಣ ಜಾಗದಲ್ಲಿ ಕಾಳು ಇದ್ದ ಹಾಗೇ ಉಳಿಯುತ್ತದೆ. ಸ್ವಿಟ್ಜರ್ಲೆಂಡಿನ ಸರೋವರಗಳ ತಳದಂಥ ಕೆಸರಿನಲ್ಲಿ ಗಾಳಿ ಆಡದ ಕಾರಣ ಕೊಳೆಯುವಿಕೆ ನಿಲ್ಲುತ್ತದೆ. 19ನೆಯ ಶತಮಾನದಲ್ಲಿ ಈ ಶಾಸ್ತ್ರ ಆರಂಭವಾದದ್ದೂ ಇವೆರಡು ಬಗೆಯ ನೆಲೆಗಳಿಂದಲೇ: 1826ರಲ್ಲಿ ಕುಂತ್ ಎಂಬ ಸಸ್ಯವಿಜ್ಞಾನಿ ಈಜಿಪ್ಟಿನ ಗೋರಿಗಳ ಸಸ್ಯಗಳನ್ನು ವಿವರಿಸಿದ, 1865ರಲ್ಲಿ ಓಸ್ವಾಲ್ಡ್ ಹೇರ್ ಸ್ವಿಸ್ ಸರೋವರವಾಸಿಗಳ ಬೆಳೆಗಳ ಬಗ್ಗೆ ಬರೆದ.

ಮುಂಗಾರಿನಲ್ಲಿ ನೆನೆದು ಬೇಸಗೆಯಲ್ಲಿ ಬಿರಿಯುವ ದಖನ್ನಿನ ಮಣ್ಣಿನಲ್ಲಿ ಈ ಎರಡೂ ಭಾಗ್ಯ ಇಲ್ಲ. ಇಲ್ಲಿ ಕಾಳನ್ನು ಉಳಿಸಿದ್ದು ಬೆಂಕಿ. ಹುರಿಯುವಾಗ ಸಿಡಿದು ಒಲೆಗೆ ಬಿದ್ದ ಕಾಳು, ಉರುವಲಿನ ಜೊತೆ ಹೋದ ಹೊಟ್ಟು, ಗುಡಿಸಲಿಗೆ ಬೆಂಕಿ ಬಿದ್ದಾಗ ಸುಟ್ಟ ದಾಸ್ತಾನು ಇವು ಪೂರ್ತಿ ಬೂದಿಯಾಗದೆ, ಗಾಳಿ ಸಾಲದ ಕಡೆ ಕರಕಲಾಗಿ ಉಳಿಯುತ್ತವೆ. ಕರಕಲಿಗೆ ಹುಳು ಹಿಡಿಯುವುದಿಲ್ಲ, ಬೂಷ್ಟು ಬರುವುದಿಲ್ಲ. ಗಾತ್ರ ಸ್ವಲ್ಪ ಕುಗ್ಗುತ್ತದೆ, ಕೆಲವೊಮ್ಮೆ ಉಬ್ಬಿ ಒಡೆಯುತ್ತದೆ. ಆದರೂ ಆಕಾರ, ಮೂತಿ, ಮೇಲ್ಮೈಯ ಗೆರೆ ಗುರುತು ಸಿಗುವಷ್ಟು ಉಳಿದಿರುತ್ತವೆ. ಮಡಕೆ ಮಾಡುವ ಮಣ್ಣಿಗೆ, ಗೋಡೆಯ ಮಣ್ಣಿಗೆ ಬೆರೆಸಿದ ಹೊಟ್ಟು ಸುಟ್ಟುಹೋಗಿ ತನ್ನ ಅಚ್ಚನ್ನು ಬಿಟ್ಟಿರುವುದೂ ಉಂಟು. ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಲೊರೆಂಜೊ ಕೊಸ್ತಾಂತೀನಿ ಬಾರ್ಲಿ, ಗೋಧಿಗಳ ಆದಿಮ ಬೇಸಾಯವನ್ನು ಗುರುತಿಸಿದ್ದು ಬಹುಮಟ್ಟಿಗೆ ಹಸಿ ಇಟ್ಟಿಗೆಗಳ ಮೇಲಿನ ಇಂಥ ಅಚ್ಚುಗಳಿಂದ.

ಮಣ್ಣನ್ನು ತೊಳೆಯುವ ಕೆಲಸ

ಅಗೆತದಲ್ಲಿ ಕರಕಲು ಕಾಳು ಕಣ್ಣಿಗೆ ಬೀಳುವುದು ಅಪರೂಪ. ಸಾಸಿವೆಗಿಂತ ಸಣ್ಣದಾದ ಕಪ್ಪು ಕಣವೊಂದು ಕಪ್ಪು ಎರೆಯಲ್ಲಿ ಬೆರೆತಿದ್ದರೆ ಸನಿಕೆ ಹಿಡಿದವನಿಗೆ ಕಾಣುವುದಾದರೂ ಹೇಗೆ? ದಶಕಗಳ ಕಾಲ ನಮ್ಮ ಉತ್ಖನನಗಳಲ್ಲಿ ಮಡಕೆ, ಮಣಿ, ಕಲ್ಲು, ಮೂಳೆಗಳನ್ನು ಆರಿಸಿಕೊಂಡು ಉಳಿದ ಮಣ್ಣನ್ನು ಹೊರಗೆ ರಾಶಿ ಹಾಕುತ್ತಿದ್ದರು. ಆ ರಾಶಿಗಳ ಜೊತೆ ಒಂದು ಇಡೀ ಬೇಸಾಯದ ಚರಿತ್ರೆಯೇ ಹೊರಗೆ ಹೋಗಿದೆ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

1960ರ ದಶಕದಲ್ಲಿ ತೇಲಿಸುವ ವಿಧಾನ ಬಳಕೆಗೆ ಬಂತು. ಇರಾನಿನ ಅಲಿ ಕೋಶ್‌ನಲ್ಲಿ ಹಾನ್ಸ್ ಹೆಲ್‌ಬೆಕ್ ಅದನ್ನು ಬಳಸಿದರು. ಅಮೆರಿಕದಲ್ಲಿ ಸ್ಟುವರ್ಟ್ ಸ್ಟ್ರೂವರ್ 1968ರಲ್ಲಿ ಅದರ ಬಗ್ಗೆ ಬರೆದು ಪ್ರಚಾರಕ್ಕೆ ತಂದರು. ಉಪಾಯ ಸರಳ. ಒಂದು ಪದರದಿಂದ ಅಳತೆ ಮಾಡಿ ತೆಗೆದ ಮಣ್ಣನ್ನು ಬಕೆಟ್ಟಿನ ನೀರಿಗೆ ಹಾಕಿ ಮೆಲ್ಲಗೆ ಕದಡಬೇಕು. ಮಣ್ಣು ಕಲ್ಲು ತಳಕ್ಕೆ ಇಳಿಯುತ್ತವೆ. ಹಗುರವಾದ ಕರಕಲು ಮೇಲೆ ತೇಲುತ್ತದೆ. ಆ ನೀರನ್ನು ಅರ್ಧ ಮಿಲಿಮೀಟರು ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಬಲೆಯ ಮೇಲೆ ಬಸಿದು, ಬಲೆಯಲ್ಲಿ ನಿಂತದ್ದನ್ನು ಬಟ್ಟೆಯಲ್ಲಿ ಕಟ್ಟಿ ನೆರಳಿನಲ್ಲಿ ಒಣಗಿಸುತ್ತಾರೆ. ಬಿಸಿಲಿನಲ್ಲಿ ಬೇಗ ಒಣಗಿದರೆ ಕಾಳು ಬಿರುಕು ಬಿಡುತ್ತದೆ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಣವನ್ನು ಬೇರ್ಪಡಿಸಿ, ಗೊತ್ತಿರುವ ಬೀಜಗಳ ಸಂಗ್ರಹದೊಡನೆ ಹೋಲಿಸಿ ಹೆಸರು ಹೇಳಬೇಕು. ಒಂದು ಚೀಲ ಮಣ್ಣು ತೊಳೆಯಲು ಅರ್ಧ ಗಂಟೆ ಸಾಕಾದರೆ ಅದರಿಂದ ಬಂದದ್ದನ್ನು ಗುರುತಿಸಲು ದಿನಗಳೇ ಹಿಡಿಯಬಹುದು.

ಸಸ್ಯ ಅಂಗಾಂಶದ ಸಿಲಿಕ ಕಣಗಳಾದ ಫೈಟೋಲಿತ್‌ಗಳು, ಅರೆಯುವ ಕಲ್ಲಿನ ರಂಧ್ರಗಳಲ್ಲಿ ಸಿಕ್ಕಿಕೊಂಡ ಪಿಷ್ಟದ ಕಣಗಳು, ಕೆರೆಯ ಹೂಳಿನ ಪರಾಗ ಇವೂ ಈಗ ಸಾಕ್ಷಿಯ ಪಟ್ಟಿಯಲ್ಲಿವೆ. ಬೆಂಕಿ ಕಾಣದ ಎಲೆ, ಗೆಡ್ಡೆಗಳ ವಿಷಯದಲ್ಲಿ ಇವುಗಳ ನೆರವು ದೊಡ್ಡದು.

ಕಾಡುಕಾಳೋ ಹೊಲದ ಕಾಳೋ

ಒಂದು ನೆಲೆಯಲ್ಲಿ ಹೆಸರುಕಾಳು ಸಿಕ್ಕಿತೆಂದರೆ ಅಲ್ಲಿಯವರು ಹೆಸರು ಬಿತ್ತುತ್ತಿದ್ದರು ಎಂದು ಕೂಡಲೇ ಹೇಳುವಂತಿಲ್ಲ. ಕಾಡಿನಿಂದ ಆರಿಸಿ ತಂದಿರಬಹುದು. ಈ ವ್ಯತ್ಯಾಸವನ್ನು ಗುರುತಿಸುವುದೇ ಶಾಸ್ತ್ರದ ತಿರುಳು.

ಕಾಡಿನ ಗಿಡಕ್ಕೆ ಬೀಜ ಉದುರಬೇಕು. ತೆನೆ ಮಾಗಿದ ಕೂಡಲೇ ಕಾಳು ಚೆಲ್ಲಿಹೋದರೆ ಅದರ ಸಂತಾನ ಹರಡುತ್ತದೆ. ಮನುಷ್ಯ ಕುಡುಗೋಲು ಹಾಕಿ ಕೊಯ್ದು, ಅದರಲ್ಲೇ ಬಿತ್ತನೆಗೆ ಎತ್ತಿಟ್ಟು, ಮತ್ತೆ ಬಿತ್ತಿದಾಗ ಉದುರದೆ ತೆನೆಯಲ್ಲೇ ನಿಂತ ಕಾಳುಗಳ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಗೋಧಿ, ಬಾರ್ಲಿಗಳಲ್ಲಿ ತೆನೆಯ ಕೀಲು ಕಾಡುತಳಿಯಲ್ಲಿ ನುಣುಪಾಗಿ ಕಳಚಿದರೆ ಬೇಸಾಯದ ತಳಿಯಲ್ಲಿ ಹರಿದ ಗಾಯದಂತಿರುತ್ತದೆ. ಈ ಗಾಯವನ್ನು ಎಣಿಸಿ ಯಾವ ಕಾಲದಲ್ಲಿ ಎಷ್ಟು ಪಾಲು ಬದಲಾಗಿತ್ತೆಂದು ಹೇಳಬಹುದು. 1990ರಲ್ಲಿ ಗಾರ್ಡನ್ ಹಿಲ್‌ಮನ್ ಮತ್ತು ಸ್ಟುವರ್ಟ್ ಡೇವಿಸ್ ಈ ಬದಲಾವಣೆಗೆ ಅನುಕೂಲ ಸಂದರ್ಭದಲ್ಲಿ ಎರಡು ಶತಮಾನದೊಳಗಿನ ಕಾಲ ಸಾಕೆಂದು ಲೆಕ್ಕ ಹಾಕಿದ್ದರು. 2006ರಲ್ಲಿ ಕೆನ್-ಇಚಿ ತನ್ನೊ ಮತ್ತು ಜಾರ್ಜ್ ವಿಲ್‌ಕಾಕ್ಸ್ ಪಶ್ಚಿಮ ಏಷ್ಯಾದ ಗೋಧಿಯ ಅವಶೇಷಗಳನ್ನೇ ಎಣಿಸಿ ನೋಡಿದಾಗ ಅದು ಸಾವಿರಾರು ವರ್ಷ ಎಳೆದಿತ್ತೆಂದು ತಿಳಿಯಿತು. ಬೇಸಾಯದ ಹುಟ್ಟು ಒಂದು ಕ್ರಾಂತಿ ಎಂಬ ಪಠ್ಯಪುಸ್ತಕದ ಮಾತು ಇಲ್ಲಿಗೆ ಸಡಿಲವಾಯಿತು.

ಗೆಲಿಲಿ ಸಮುದ್ರವೆಂದು ಹೆಸರಾದ ಸರೋವರದ ದಂಡೆಯ ಓಹಾಲೊ ನೆಲೆಯಲ್ಲಿ ಸುಮಾರು 23,000 ವರ್ಷ ಹಿಂದಿನ ಬೇಟೆಗಾರರು ಕಾಡುಬಾರ್ಲಿ, ಕಾಡುಗೋಧಿಗಳನ್ನು ರಾಶಿ ರಾಶಿಯಾಗಿ ತಂದಿದ್ದರು. 1989ರಲ್ಲಿ ಬರದಿಂದ ನೀರು ಇಳಿದಾಗ ಈ ನೆಲೆ ಕಾಣಿಸಿಕೊಂಡಿತು. ಹೊಲದ ಕಳೆಗಳಾಗಿ ನಮಗೆ ಗೊತ್ತಿರುವ ಗಿಡಗಳ ಬೀಜವೂ ಅಲ್ಲಿತ್ತು. ಅಂದರೆ ನೆಲ ಕೆದಕುವ, ಕಾಳು ಚೆಲ್ಲುವ ಪ್ರಯೋಗಗಳು ಬೇಸಾಯ ನೆಲೆಗೊಳ್ಳುವುದಕ್ಕಿಂತ ಬಹಳ ಮೊದಲೇ ನಡೆದಿರಬೇಕು.

ದ್ವಿದಳ ಧಾನ್ಯಗಳ ಕತೆ ಬೇರೆ. ಕಾಡಿನ ಹುರುಳಿ, ಹೆಸರುಗಳ ಕಾಯಿ ಒಣಗಿದಾಗ ತಿರುಚಿ ಸಿಡಿಯುತ್ತದೆ. ಕಾಳಿನ ಸಿಪ್ಪೆ ದಪ್ಪವಾಗಿ ನೀರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಮಳೆ ಬಿದ್ದ ಕೂಡಲೇ ಎಲ್ಲ ಕಾಳೂ ಮೊಳೆಯುವುದಿಲ್ಲ. ಕೆಲವು ಮುಂದಿನ ವರ್ಷಕ್ಕೆ, ಇನ್ನು ಕೆಲವು ಅದರಾಚೆಗೆ ಕಾದಿರುತ್ತವೆ. ಕಾಡಿನಲ್ಲಿ ಇದು ಜಾಣತನ. ಹೊಲದಲ್ಲಿ ಬಿತ್ತಿದವನಿಗೆ ನಷ್ಟ. ಬಿತ್ತಿದ ವಾರದಲ್ಲೇ ಮೊಳೆತ ಕಾಳುಗಳಷ್ಟೇ ಸುಗ್ಗಿಗೆ ಸೇರುವುದರಿಂದ ತೆಳು ಸಿಪ್ಪೆಯ ತಳಿಗಳು ಕ್ರಮೇಣ ಮೇಲುಗೈ ಪಡೆಯುತ್ತವೆ. ಸಿಡಿಯದ ಕಾಯಿಯ ಗುರುತು ಮಣ್ಣಿನಲ್ಲಿ ಉಳಿಯುವುದು ಕಷ್ಟ, ಸಿಪ್ಪೆಯ ದಪ್ಪ ಮಾತ್ರ ಕರಕಲಿನಲ್ಲೂ ಅಳೆಯಸಿಗುತ್ತದೆ.

ಬೂದಿದಿಬ್ಬಗಳ ಸೀಮೆ

ಕೃಷ್ಣಾ, ತುಂಗಭದ್ರಾ ನದಿಗಳ ನಡುವಣ ಮತ್ತು ಸುತ್ತಣ ಒಣಸೀಮೆಯಲ್ಲಿ ಬೂದಿಯ ದೊಡ್ಡ ದಿಬ್ಬಗಳಿವೆ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯ ದಿಬ್ಬ ಇವುಗಳಲ್ಲಿ ಹೆಸರಾದದ್ದು. ರಕ್ಕಸರನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತಿದ್ದರು. 19ನೆಯ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇವನ್ನು ಹೊಸಶಿಲಾಯುಗದ ದನಗಾಹಿಗಳಿಗೆ ಸೇರಿದವೆಂದು ಗುರುತಿಸಿದರು. 1957ರಲ್ಲಿ ಎಫ್.ಆರ್. ಆಲ್ಚಿನ್ ತೆಲಂಗಾಣದ ಉತ್ನೂರಿನಲ್ಲಿ ಅಗೆದು, ಇವು ದನದ ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬಗಳೆಂದು ತೋರಿಸಿದರು. ದಿಬ್ಬದ ಅಡಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಇದ್ದವು. 1963ರಲ್ಲಿ ಬಂದ ಅವರ ಪುಸ್ತಕ ದಕ್ಷಿಣದ ಹೊಸಶಿಲಾಯುಗದವರನ್ನು ದನಗಾಹಿಗಳೆಂದೇ ಹೆಸರಿಸಿತು.

ಆ ಹೆಸರು ಸುಳ್ಳಲ್ಲ. ದನದ ಮೂಳೆ, ಬಂಡೆಗಳ ಮೇಲಿನ ಗೂಳಿಗಳ ಚಿತ್ರ, ಬೂದಿದಿಬ್ಬಗಳು ಎಲ್ಲವೂ ಆ ಜನಕ್ಕೆ ದನ ಎಷ್ಟು ಮುಖ್ಯವಾಗಿತ್ತೆಂದು ಹೇಳುತ್ತವೆ. ತೊಂದರೆ ಇಷ್ಟೇ: ಮೂಳೆ ದೊಡ್ಡದು, ಕಾಳು ಸಣ್ಣದು. ಕಣ್ಣಿಗೆ ಕಂಡದ್ದು ಚರಿತ್ರೆಯಾಯಿತು. ಮುಂದೆ ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಬೂದಿದಿಬ್ಬದ ಪಕ್ಕದಲ್ಲೇ ಮನೆಗಳ ನೆಲ, ದನ ಕಡಿದು ಹಂಚುತ್ತಿದ್ದ ಜಾಗಗಳನ್ನು ಬಯಲಿಗೆ ತಂದು, ಇವು ಅಲೆಮಾರಿಗಳ ಬೀಡು ಮಾತ್ರವಲ್ಲ, ನೆಲೆನಿಂತವರ ಊರುಗಳೂ ಹೌದೆಂದು ವಾದಿಸಿದರು.

ಬೆಳೆಗಳ ಬಗ್ಗೆ ಬಿಡಿ ಸುಳಿವುಗಳು ಮೊದಲೇ ಇದ್ದವು. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅಗೆದ ತೆಕ್ಕಲಕೋಟೆಯಲ್ಲಿ ಹುರುಳಿ ಸಿಕ್ಕಿತ್ತು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಿಷ್ಣು ಮಿತ್ರೆ, ಪುಣೆಯ ಡೆಕ್ಕನ್ ಕಾಲೇಜಿನ ಎಂ.ಡಿ. ಕಾಜಲೆ ಇವರು ದೇಶದ ಹಲವು ನೆಲೆಗಳ ಕಾಳುಗಳನ್ನು ಪರೀಕ್ಷಿಸಿ ಈ ಶಾಸ್ತ್ರಕ್ಕೆ ಇಲ್ಲಿ ಬುನಾದಿ ಹಾಕಿದ್ದರು. ದಕ್ಷಿಣದ ನೆಲೆಗಳನ್ನು ಒಂದು ಯೋಜನೆಯಾಗಿ ತೆಗೆದುಕೊಂಡು ಪದರ ಪದರವಾಗಿ ಮಣ್ಣು ತೊಳೆದದ್ದು 1990ರ ದಶಕದ ಕೊನೆಯಲ್ಲಿ. ಡೋರಿಯನ್ ಫುಲ್ಲರ್ ಕೇಂಬ್ರಿಜ್ ವಿಶ್ವವಿದ್ಯಾಲಯದ ತಮ್ಮ ಸಂಶೋಧನೆಗಾಗಿ ಈ ಕೆಲಸ ಶುರುಮಾಡಿದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಪಿ.ಸಿ. ವೆಂಕಟಸುಬ್ಬಯ್ಯ ಜೊತೆಯಾದರು. ಸಂಗನಕಲ್ಲು, ತೆಕ್ಕಲಕೋಟೆ, ಹಳ್ಳೂರು ಸೇರಿ ಕರ್ನಾಟಕ ಮತ್ತು ಆಂಧ್ರದ ಹತ್ತಕ್ಕೂ ಹೆಚ್ಚು ನೆಲೆಗಳಿಂದ ಮಾದರಿಗಳು ಬಂದವು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು.

ನಾಲ್ಕು ಮೂಲ ಬೆಳೆಗಳು

ನೆಲೆಯಿಂದ ನೆಲೆಗೆ ಮತ್ತೆ ಮತ್ತೆ ಎದುರಾದದ್ದು ನಾಲ್ಕು ಬೆಳೆಗಳು: ಹುರುಳಿ, ಹೆಸರು, ಕೊರಲೆ, ಮತ್ತು ನವಣೆಯ ಕುಲಕ್ಕೆ ಸೇರಿದ ಒಂದು ಸಣ್ಣ ಕಾಳಿನ ಹುಲ್ಲು. ಈ ಕೊನೆಯದು, ಸಿಟೇರಿಯ ವರ್ಟಿಸಿಲೇಟ, ಇಂದು ದಾರಿಯ ಬದಿಯಲ್ಲಿ ಬೆಳೆದು ಹಾದುಹೋಗುವವರ ಬಟ್ಟೆಗೆ ತೆನೆ ಅಂಟಿಸುವ ಕಳೆ. ನಾಲ್ಕು ಸಾವಿರ ವರ್ಷದ ಹಿಂದೆ ಅದು ಬಳ್ಳಾರಿ ಸೀಮೆಯ ಅನ್ನವಾಗಿತ್ತು. ಕೊರಲೆಯ ಅದೃಷ್ಟ ಇದಕ್ಕಿಂತ ಮೇಲು: ತುಮಕೂರು, ಚಿತ್ರದುರ್ಗ ಕಡೆಯ ಕೆಲವು ರೈತರು ಅದನ್ನು ಬಿಡದೆ ಉಳಿಸಿಕೊಂಡಿದ್ದರು, ಈಗ ಸಿರಿಧಾನ್ಯವೆಂಬ ಹೆಸರಿನಲ್ಲಿ ಪೇಟೆಗೂ ಬಂದಿದೆ.

ಈ ನಾಲ್ಕೂ ಮುಂಗಾರಿನ ಬೆಳೆಗಳು. ಮಳೆ ಬಿದ್ದಾಗ ಬಿತ್ತಿ, ನೀರು ಕಟ್ಟುವ ಗೊಡವೆಯಿಲ್ಲದೆ ಮೂರು ನಾಲ್ಕು ತಿಂಗಳಲ್ಲಿ ಕೊಯ್ಯುವಂಥವು. ಇವುಗಳ ಕಾಡುಸೋದರರು ದಕ್ಷಿಣ ಭಾರತದಲ್ಲೇ ಇದ್ದಾರೆ ಎಂಬುದು ವಾದದ ಮುಖ್ಯ ಕೊಂಡಿ. ಕಾಡುಹೆಸರು ಪಶ್ಚಿಮ ಮತ್ತು ಪೂರ್ವ ಘಟ್ಟಗಳ ಎಲೆ ಉದುರುವ ಕಾಡಿನ ಅಂಚಿನಲ್ಲಿ ಹಬ್ಬುತ್ತದೆ. ಕಾಡುಹುರುಳಿ ಒಣಪ್ರದೇಶದ ಕುರುಚಲಿನಲ್ಲಿ ಬೆಳೆಯುತ್ತದೆ. ಕೊರಲೆ ಮತ್ತು ಅದರ ಜೊತೆಯ ಹುಲ್ಲುಗಳಿಗೆ ತೇವ ನಿಲ್ಲುವ ತಗ್ಗು ಸಾಕು. ಒಣ ಕುರುಚಲು ಮತ್ತು ಕಾಡಿನ ಅಂಚು ಒಂದಕ್ಕೊಂದು ಸಮೀಪವಿರುವ ಕಡೆ ಆರಿಸಿ ತಿನ್ನುತ್ತಿದ್ದವರು ಬಿತ್ತಿ ಬೆಳೆಯುವವರಾಗಿರಬೇಕು ಎಂದು ಫುಲ್ಲರ್ ಮತ್ತು ಕೋರಿಶೆಟ್ಟರ್ ಊಹಿಸುತ್ತಾರೆ. ಹುರುಳಿಯ ವಿಷಯದಲ್ಲಿ ವಾಯವ್ಯ ಭಾರತದಲ್ಲೂ ಸ್ವತಂತ್ರವಾಗಿ ಬೇಸಾಯ ಆರಂಭವಾಗಿರುವ ಸಾಧ್ಯತೆಯನ್ನು ಅವರು ತಳ್ಳಿಹಾಕುವುದಿಲ್ಲ.

ಕಾಳು ಮತ್ತು ಬೇಳೆ ಒಟ್ಟಿಗೇ ಇರುವುದನ್ನು ಗಮನಿಸಬೇಕು. ಪಶ್ಚಿಮ ಏಷ್ಯಾದಲ್ಲಿ ಗೋಧಿ, ಬಾರ್ಲಿಗಳ ಜೊತೆ ಚನ್ನಂಗಿ, ಬಟಾಣಿ ಇದ್ದವು. ಇಲ್ಲಿ ಕೊರಲೆಯ ಜೊತೆ ಹುರುಳಿ, ಹೆಸರು. ಬೇಳೆಯ ಗಿಡ ಮಣ್ಣಿಗೆ ಸಾರಜನಕ ಕೂಡಿಸುತ್ತದೆ. ಊಟಕ್ಕೆ ಸಸಾರಜನಕ ಕೊಡುತ್ತದೆ. ಅಕ್ಕಡಿ ಸಾಲು ಹಾಕುವ ಇಂದಿನ ಒಣಬೇಸಾಯದ ರೈತರಿಗೆ ಈ ಜೋಡಿ ಹೊಸದಲ್ಲ. ಆ ಕಾಲದಲ್ಲಿ ಒಂದೇ ಹೊಲದಲ್ಲಿ ಬೆರೆಸಿ ಬಿತ್ತುತ್ತಿದ್ದರೋ ಅಥವಾ ಬೇರೆ ಬೇರೆ ತುಂಡುಗಳಲ್ಲಿ ಬೆಳೆಯುತ್ತಿದ್ದರೋ ಎಂಬುದನ್ನು ಒಲೆಯ ಬೂದಿಯಲ್ಲಿ ಬೆರೆತ ಕಾಳುಗಳಿಂದ ಹೇಳಲಾಗದು. ಎರಡೂ ಒಂದೇ ಅಡಿಗೆಮನೆಗೆ ಬರುತ್ತಿದ್ದವು ಎಂಬಷ್ಟು ಖಚಿತ.

ಹುರುಳಿಯ ಸಿಪ್ಪೆ

ದಕ್ಷಿಣದ ಬೇಸಾಯದ ಚರಿತ್ರೆಯಲ್ಲಿ ಹುರುಳಿಯ ಮೇಲೆ ನಡೆದ ಒಂದು ಅಧ್ಯಯನ ವಿಶೇಷ ಗಮನಕ್ಕೆ ಅರ್ಹ. 2017ರಲ್ಲಿ ಚಾರ್ಲೀನ್ ಮರ್ಫಿ ಮತ್ತು ಡೋರಿಯನ್ ಫುಲ್ಲರ್ ದಕ್ಷಿಣ ಭಾರತದ ಉತ್ಖನನಗಳಲ್ಲಿ ಸಿಕ್ಕ ಕರಕಲು ಹುರುಳಿಗಳನ್ನು ಇಂಗ್ಲೆಂಡಿನ ಸಿಂಕ್ರೊಟ್ರಾನ್ ಯಂತ್ರದ ಎಕ್ಸ್-ಕಿರಣಗಳಲ್ಲಿ ಹಿಡಿದು, ಕಾಳನ್ನು ಒಡೆಯದೆಯೇ ಸಿಪ್ಪೆಯ ದಪ್ಪವನ್ನು ಅಳೆದರು. ಹಳೆಯ ವಿಧಾನದಲ್ಲಿ ಇದಕ್ಕೆ ಕಾಳನ್ನು ಕತ್ತರಿಸಬೇಕಿತ್ತು. ಒಂದೊಂದು ಕಾಳೂ ಅಪರೂಪವಾದಾಗ ಅದು ದುಬಾರಿಯ ನಷ್ಟ.

ಅವರು ನೋಡಿದ ಕಾಳುಗಳು ಕ್ರಿ.ಪೂ. 2000ದಿಂದ ಕ್ರಿ.ಶ. 1200ರವರೆಗಿನವು. ಸಿಪ್ಪೆ ಒಮ್ಮೆಲೇ ತೆಳುವಾಗಿರಲಿಲ್ಲ. ದಪ್ಪದಿಂದ ಅರೆತೆಳುವಿಗೆ, ಅಲ್ಲಿಂದ ತೆಳುವಿಗೆ ಹಂತ ಹಂತವಾಗಿ, ಬಹಳ ನಿಧಾನವಾಗಿ ಇಳಿದಿತ್ತು. ಬೇಳೆಕಾಳುಗಳಲ್ಲಿ ಸುಲಭವಾಗಿ ಮೊಳೆಯುವ ಗಿಡಗಳು ಕಾಡಿನಲ್ಲೇ ಇದ್ದು ಮನುಷ್ಯ ಅವನ್ನಷ್ಟೇ ಆರಿಸಿಕೊಂಡ ಎಂಬ ವಾದವೊಂದಿತ್ತು. ಹುರುಳಿಯ ಸಾಕ್ಷಿ ಅದಕ್ಕೆ ವಿರುದ್ಧ ನಿಂತಿತು. ಬಿತ್ತನೆ ಶುರುವಾದ ಮೇಲೂ ನೂರಾರು ತಲೆಮಾರು ಹುರುಳಿ ಅರೆಕಾಡಿನದಾಗಿಯೇ ಉಳಿದಿತ್ತು. ಬಿತ್ತಿದ್ದರಲ್ಲಿ ಒಂದು ಪಾಲು ಆ ವರ್ಷ ಮೊಳೆಯದೆ ಹೋಗುತ್ತಿದ್ದಿರಬೇಕು. ಹಾಗಿದ್ದೂ ಜನ ಬಿತ್ತುವುದನ್ನು ಬಿಡಲಿಲ್ಲ. ಬೇಳೆಕಾಳೊಂದರ ಸಿಪ್ಪೆ ತೆಳುವಾದ ವೇಗವನ್ನು ಉತ್ಖನನದ ಕಾಳುಗಳಿಂದಲೇ ನೇರವಾಗಿ ಅಳೆದದ್ದು ಜಗತ್ತಿನಲ್ಲೇ ಇದು ಮೊದಲು. ಬಡವರ ಕಾಳು, ಎತ್ತು ಕುದುರೆಗಳ ಮೇವು ಎಂದು ಪಕ್ಕಕ್ಕಿಟ್ಟ ಹುರುಳಿಗೆ ಸಂದ ಗೌರವ ಇದು.

ಹೆಸರಿನ ವಿಷಯದಲ್ಲಿ ಅಳೆದದ್ದು ಗಾತ್ರವನ್ನು. ಹೊಸಶಿಲಾಯುಗದ ಹೆಸರುಕಾಳು ಸಣ್ಣದು, ಕಾಡುಹೆಸರಿಗೆ ಹತ್ತಿರ. ಕಾಳು ದಪ್ಪಗಾದದ್ದು ಬೇಸಾಯ ಶುರುವಾಗಿ ಬಹಳ ಕಾಲವಾದ ಮೇಲೆ. ನೇಗಿಲು ಬಳಕೆಗೆ ಬಂದು ಬೀಜ ಆಳಕ್ಕೆ ಬೀಳತೊಡಗಿದಾಗ, ಆಳದಿಂದ ಮೇಲೆ ಬರಲು ಕಸುವುಳ್ಳ ದಪ್ಪ ಕಾಳೇ ಬೇಕಾಯಿತು ಎಂಬುದು ಫುಲ್ಲರ್ ಮತ್ತು ಎಮ್ಮಾ ಹಾರ್ವಿ ಮುಂದಿಟ್ಟ ವಿವರಣೆ. ಹಾಗಾದರೆ ಮೊದಲ ಬಿತ್ತನೆ ಕೋಲು ಗುದ್ದಲಿಗಳಿಂದ ಮೇಲುಮೇಲೆ ನೆಲ ಕೆದಕಿ ಮಾಡಿದ್ದಿರಬೇಕು. ನೇಗಿಲಿನ ಗುಳ ಸಿಗದ ನೆಲೆಯಲ್ಲೂ ಕಾಳಿನ ಉದ್ದಗಲದಿಂದ ಉಳುಮೆಯ ಬಗ್ಗೆ ಮಾತಾಡಲು ಇದರಿಂದ ದಾರಿಯಾಯಿತು.

ಗೋಧಿ, ಬಾರ್ಲಿ ಮತ್ತು ಹಿಂಗಾರು

ಕ್ರಿ.ಪೂ. 2ನೆಯ ಸಹಸ್ರಮಾನದ ಆರಂಭದ ಹೊತ್ತಿಗೆ ಕೆಲವು ನೆಲೆಗಳಲ್ಲಿ ಗೋಧಿ, ಬಾರ್ಲಿಗಳು ಕಾಣಿಸಿಕೊಳ್ಳುತ್ತವೆ. ಇವುಗಳ ತವರು ಪಶ್ಚಿಮ ಏಷ್ಯಾ. ಸಿಂಧೂ ಬಯಲಿನ ಮೂಲಕ, ದಖನ್ನಿನ ಉತ್ತರಭಾಗದ ಊರುಗಳನ್ನು ಹಾದು ಇಲ್ಲಿಗೆ ಬಂದಿವೆ. ಎರಡೂ ಚಳಿಗಾಲದ ಬೆಳೆ. ಎರೆಭೂಮಿಯಲ್ಲಿ ಉಳಿದ ತೇವದಿಂದ, ಇಲ್ಲವೇ ಕೈಯಾರೆ ನೀರು ಹನಿಸಿ ಬೆಳೆಯಬೇಕು. ಎಲ್ಲ ನೆಲೆಗಳಲ್ಲೂ ಇವು ಸಿಗುವುದಿಲ್ಲ, ಸಿಕ್ಕ ಕಡೆಯೂ ಹುರುಳಿ, ಕೊರಲೆಗಳನ್ನು ಹಿಂದೆ ತಳ್ಳಿಲ್ಲ. ದಿನದ ಊಟಕ್ಕಿಂತ ಹಬ್ಬದ ಅಡಿಗೆಗೋ ಪಾನೀಯಕ್ಕೋ ಬಳಸಿದ್ದಿರಬಹುದು ಎಂಬ ಸಲಹೆ ಇದೆ. ಇದನ್ನು ಸಲಹೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು: ಒಂದು ಬೇಸಾಯ ಆಗಲೇ ನೆಲೆಯೂರಿದ್ದ ಕಡೆ ಹೊರಗಿನ ಬೆಳೆಗಳು ಬಂದು ಸೇರಿಕೊಂಡವು. ಜೊತೆಗೆ ವರ್ಷಕ್ಕೆ ಎರಡನೆಯ ಸುಗ್ಗಿಯೊಂದು ಸಾಧ್ಯವಾಯಿತು. ಹಿಂಗಾರಿನ ದುಡಿಮೆ ಅಲ್ಲಿಂದ ಶುರುವಾಯಿತೆನ್ನಬಹುದು.

ಅವರೆ, ತೊಗರಿ, ಸಜ್ಜೆ

ಆಮೇಲಿನ ಐದಾರು ಶತಮಾನಗಳಲ್ಲಿ ಬಂದ ಬೆಳೆಗಳ ಪಟ್ಟಿ ಓದಿದರೆ ಇಂದಿನ ಕರ್ನಾಟಕದ ಅಡಿಗೆಮನೆಯ ಡಬ್ಬಿಗಳ ಮೇಲಿನ ಚೀಟಿಗಳನ್ನು ಓದಿದಂತಾಗುತ್ತದೆ. ಅವರೆ ಆಫ್ರಿಕದ ಪೂರ್ವಭಾಗದಿಂದ ಬಂತು. ಸಜ್ಜೆ ಸಹಾರಾದ ದಕ್ಷಿಣ ಅಂಚಿನದು. ಪಶ್ಚಿಮ ಆಫ್ರಿಕದ ಮಾಲಿಯಲ್ಲಿ ಕ್ರಿ.ಪೂ. 2500ರ ಸುಮಾರಿನ ಬೇಸಾಯದ ಸಜ್ಜೆ ಸಿಕ್ಕಿದೆ. ತೊಗರಿ ಬಂದದ್ದು ಅಷ್ಟು ದೂರದಿಂದಲ್ಲ; ಅದರ ಕಾಡುಸೋದರ ಒಡಿಶಾ ಮತ್ತು ಬಸ್ತರಿನ ಕಾಡುಗಳಲ್ಲಿದ್ದಾನೆ. ಇವು ಕ್ರಿ.ಪೂ. 2ನೆಯ ಸಹಸ್ರಮಾನದ ನಡುಭಾಗ ಮತ್ತು ಅದರಾಚೆಗೆ ಸಂಗನಕಲ್ಲು, ಹಳ್ಳೂರುಗಳಂಥ ನೆಲೆಗಳಲ್ಲಿ ಒಂದೊಂದಾಗಿ ಸೇರಿಕೊಂಡವು. ಆಫ್ರಿಕದ ಬೆಳೆಗಳು ಅರಬ್ಬಿ ಸಮುದ್ರದ ಕರಾವಳಿಗಳನ್ನು ಬಳಸಿ, ಸಣ್ಣ ದೋಣಿಗಳ ಜನರ ಕೈಯಿಂದ ಕೈಗೆ ಗುಜರಾತಿನತ್ತ ಬಂದು ದಕ್ಷಿಣಕ್ಕೆ ಇಳಿದಿರಬೇಕೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಈ ಬೆಳೆಗಳಿಗೂ ಮುಂಗಾರಿನ ಬಿಸಿಯೇ ಬೇಕಾದ್ದರಿಂದ ಇಲ್ಲಿನ ಹೊಲಕ್ಕೆ ಹೊಂದಿಕೊಳ್ಳಲು ಗೋಧಿಯಂತೆ ಹೊಸ ಋತುವನ್ನು ಹುಡುಕಬೇಕಾಗಲಿಲ್ಲ.

ಹಳ್ಳೂರಿನ ರಾಗಿ

ತುಂಗಭದ್ರೆಯ ದಂಡೆಯ ಹಳ್ಳೂರನ್ನು ನಾಗರಾಜರಾವ್ 1964-65ರಲ್ಲಿ ಅಗೆದರು. ಅಲ್ಲಿಯ ಕಾಳುಗಳಲ್ಲಿ ರಾಗಿ ಇದೆಯೆಂದು 1971ರಲ್ಲಿ ವರದಿಯಾಯಿತು. ಕಾಲ ಕ್ರಿ.ಪೂ. 1800ರ ಸುಮಾರೆಂದು ತಿಳಿಯಲಾಯಿತು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳು. ಅಲ್ಲಿ ಸಿಕ್ಕ ಸಾಕ್ಷಿಗಿಂತ ಹಳೆಯ ಸಾಕ್ಷಿ ಇಲ್ಲಿ ಸಿಕ್ಕಿತಲ್ಲ ಎಂಬ ವಿಸ್ಮಯ ಬಹಳ ವರ್ಷ ನಡೆಯಿತು. ಪುಸ್ತಕದಿಂದ ಪುಸ್ತಕಕ್ಕೆ ಈ ತೇದಿ ದಾಟುತ್ತಲೇ ಬಂತು.

ಮರುಪರಿಶೀಲನೆಯಲ್ಲಿ ಚಿತ್ರ ಬದಲಾಯಿತು. ರಾಗಿ ಗುಂಡಗಿದ್ದು ಮೈಮೇಲೆ ನವುರಾದ ಗುಳ್ಳೆಗಳಿರುತ್ತವೆ. ಸಿಪ್ಪೆ ಕಳೆದ ಕೊರಲೆ, ನವಣೆ ಜಾತಿಯ ಕಾಳು ಸುಟ್ಟು ಉಬ್ಬಿದಾಗ ಅದೂ ಗುಂಡಗೆ ಕಾಣುತ್ತದೆ. ಅಂಕುರದ ಗುರುತಿನ ಉದ್ದ, ಮೂತಿಯ ಆಕಾರ ಇವನ್ನು ಸೂಕ್ಷ್ಮವಾಗಿ ನೋಡದಿದ್ದರೆ ಒಂದನ್ನು ಇನ್ನೊಂದೆಂದು ತಿಳಿಯುವುದು ಸುಲಭ. 2003ರಲ್ಲಿ ಫುಲ್ಲರ್ ಭಾರತದಲ್ಲಿ ವರದಿಯಾದ ಆಫ್ರಿಕದ ಬೆಳೆಗಳನ್ನೆಲ್ಲ ಒಂದೊಂದಾಗಿ ಪರಿಶೀಲಿಸಿ, ರಾಗಿ ಎಂದು ಹೆಸರಿಟ್ಟ ಹಲವು ಕಾಳುಗಳು ಬೇರೆ ಕಿರುಧಾನ್ಯಗಳೆಂದು ತೋರಿಸಿದರು. ಹಳ್ಳೂರಿನಿಂದ ಅವರು ಒಪ್ಪಿದ ರಾಗಿಯ ಸಾಕ್ಷಿ ಬಹಳ ಕಡಿಮೆ, ಕಾಲವೂ ಕ್ರಿ.ಪೂ. 1000ದ ಆಸುಪಾಸಿಗೆ ಇಳಿಯಿತು. ಮುದ್ದೆಯನ್ನು ನಾಡಿನ ಆದಿಮ ಆಹಾರವೆಂದು ಪ್ರೀತಿಯಿಂದ ನಂಬಿದವರಿಗೆ ಇದು ಹಿಡಿಸದ ಸುದ್ದಿ. ಆದರೆ ಆ ಸ್ಥಾನಕ್ಕೆ ಬರುವ ಕೊರಲೆಯೂ ಇದೇ ನೆಲದ್ದು, ರಾಗಿಗಿಂತ ಹೆಚ್ಚು ಇಲ್ಲಿಯದು.

ಕಾಳಿನ ಕಾಲನಿರ್ಣಯದಲ್ಲೂ ಈ ಪ್ರಸಂಗ ಪಾಠ ಕಲಿಸಿತು. ಇಲಿ ಬಿಲ ತೋಡುತ್ತದೆ, ಗೆದ್ದಲು ಮಣ್ಣು ತಿರುವಿಹಾಕುತ್ತದೆ, ಎರೆಮಣ್ಣು ಬೇಸಗೆಯಲ್ಲಿ ಆಳವಾಗಿ ಬಿರಿಯುತ್ತದೆ; ಮೇಲಿನ ಪದರದ ಕಾಳು ಹೀಗೆ ಕೆಳಕ್ಕೆ ಇಳಿಯಬಹುದು. ಪದರದ ಇದ್ದಿಲಿನ ವಯಸ್ಸನ್ನು ಕಾಳಿಗೆ ಅಂಟಿಸುವ ಬದಲು ಕಾಳನ್ನೇ ರೇಡಿಯೊ ಕಾರ್ಬನ್ ಪರೀಕ್ಷೆಗೆ ಒಡ್ಡುವ ಕ್ರಮ ಈಗ ರೂಢಿಗೆ ಬಂದಿದೆ. ಒಂದು ಕಾಳಿನಷ್ಟು ಸಣ್ಣ ಮಾದರಿಯಿಂದಲೂ ತೇದಿ ಪಡೆಯುವ ತಂತ್ರ ಇದನ್ನು ಸಾಧ್ಯವಾಗಿಸಿತು. ಫುಲ್ಲರ್, ನಿಕೋಲ್ ಬೊಯ್ವಿನ್, ಕೋರಿಶೆಟ್ಟರ್ 2007ರಲ್ಲಿ ಪ್ರಕಟಿಸಿದ ತೇದಿಗಳ ಸರಣಿ ದಕ್ಷಿಣದ ಹೊಸಶಿಲಾಯುಗದ ಕಾಲಾನುಕ್ರಮಕ್ಕೆ ಹೊಸ ಅಡಿಪಾಯ ಹಾಕಿತು.

ಕಣದಿಂದ ಒಲೆಗೆ

ಬೆಳೆಯ ಹೆಸರಷ್ಟೇ ಅಲ್ಲ, ಬೆಳೆಯನ್ನು ಹಸನುಮಾಡಿದ ದುಡಿಮೆಯೂ ಅವಶೇಷಗಳಲ್ಲಿ ಉಳಿದಿರುತ್ತದೆ. ಒಕ್ಕಣೆ, ತೂರುವುದು, ಜರಡಿ ಹಿಡಿಯುವುದು, ಕುಟ್ಟುವುದು, ಕೇರುವುದು: ಪ್ರತಿ ಹಂತದಲ್ಲೂ ಕಾಳು ಒಂದು ಕಡೆ, ಕಸ ಒಂದು ಕಡೆ. ತೂರಿದಾಗ ಹಗುರ ಹೊಟ್ಟು ಮತ್ತು ಕಳೆಬೀಜ ಹಾರಿಹೋಗುತ್ತವೆ. ಜರಡಿಯಲ್ಲಿ ಸಣ್ಣ ಕಳೆಬೀಜ ಕೆಳಗಿಳಿಯುತ್ತದೆ. ಕಾಳಿನಷ್ಟೇ ಗಾತ್ರದ ಕಳೆಬೀಜ ಕೊನೆಯವರೆಗೂ ಉಳಿದು ಮೊರದಲ್ಲಿ ಕೈಯಿಂದ ಆರಿಸಬೇಕಾಗುತ್ತದೆ. ಒಂದು ಮನೆಯ ಒಲೆಯ ಬೂದಿಯಲ್ಲಿ ಯಾವ ಹಂತದ ಕಸ ಇದೆ ಎಂದು ನೋಡಿದರೆ, ಆ ಮನೆಯವರು ಬೆಳೆಯನ್ನು ಎಷ್ಟು ಹಸನುಮಾಡಿ ಕೂಡಿಟ್ಟಿದ್ದರು, ದಿನ ದಿನ ಎಷ್ಟು ಕೆಲಸ ಮನೆಯೊಳಗೆ ನಡೆಯುತ್ತಿತ್ತು ಎಂದು ತಿಳಿಯುತ್ತದೆ. ಸುಗ್ಗಿಯ ಹೊತ್ತಿಗೆ ಊರೆಲ್ಲ ಕೂಡಿ ಹಸನು ಮಾಡಿದ್ದರೆ ಮನೆಯ ಬೂದಿಯಲ್ಲಿ ಕಸ ಕಡಿಮೆ. ಒಂಟಿ ಮನೆಯವರು ಒಕ್ಕಿದ್ದನ್ನು ಹಾಗೇ ತುಂಬಿಟ್ಟು ದಿನಕ್ಕಿಷ್ಟು ಕುಟ್ಟಿದ್ದರೆ ಕಸ ಹೆಚ್ಚು. ಗ್ರೀಸ್, ಟರ್ಕಿಗಳ ಹಳ್ಳಿಗಳಲ್ಲಿ ಗ್ಲಿನಿಸ್ ಜೋನ್ಸ್ ಮತ್ತು ಹಿಲ್‌ಮನ್ ರೈತರ ಕೆಲಸವನ್ನು ಹತ್ತಿರದಿಂದ ನೋಡಿ ಕಟ್ಟಿದ ಮಾದರಿ ಇದು.

ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳ ಗ್ರಾನೈಟ್ ಬಂಡೆಗಳ ಮೇಲೆ ಅರೆದು ಅರೆದು ನುಣುಪಾದ ಕುಳಿಗಳು ಎಲ್ಲೆಂದರಲ್ಲಿವೆ. ಕೊಡಲಿ ಮಸೆದದ್ದು ಕೆಲವು, ಕಾಳು ಅರೆದದ್ದು ಕೆಲವು. ಅನೇಕ ಕುಳಿಗಳು ಬಯಲಿನಲ್ಲಿ, ಹತ್ತಾರು ಜನ ಒಟ್ಟಿಗೆ ಕೂರಬಹುದಾದ ಕಡೆ ಇವೆ. ಇದೇ ಬೆಟ್ಟಗಳ ಹಿರೇಗುಡ್ಡದಲ್ಲಿ ಡಾಲರೈಟ್ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದರು. ಕೊಡಲಿ ಮಾಡುವವರಿಗೂ ಊಟ ಬೇಕಷ್ಟೆ. ಆ ಊಟದ ಹಿಂದೆ ಬಿತ್ತಿದ, ಒಕ್ಕಿದ, ಕುಟ್ಟಿದ ಕೈಗಳಿವೆ. ಕಲ್ಲಿನ ಆಯುಧಗಳಿಗೆ ಸಿಕ್ಕಷ್ಟು ಪುಟಗಳು ಆ ಕೈಗಳಿಗೆ ಸಿಕ್ಕಿಲ್ಲ.

ಮರ ಮತ್ತು ನೂಲು

ಇದ್ದಿಲಿನ ತುಣುಕನ್ನು ಮುರಿದು ಅಡ್ಡ ಸೀಳಿನ ರಂಧ್ರಗಳ ಜೋಡಣೆ ನೋಡಿದರೆ ಯಾವ ಮರವೆಂದು ತಿಳಿಯುತ್ತದೆ. ಎಲೆನಿ ಅಸೌಟಿ ಮತ್ತು ಫುಲ್ಲರ್ ದಕ್ಷಿಣದ ನೆಲೆಗಳ ಇದ್ದಿಲನ್ನು ಅಧ್ಯಯನ ಮಾಡಿ 2008ರಲ್ಲಿ ಪುಸ್ತಕ ಪ್ರಕಟಿಸಿದರು. ಕ್ರಿ.ಪೂ. 2ನೆಯ ಸಹಸ್ರಮಾನದ ಉತ್ತರಾರ್ಧದ ಸಂಗನಕಲ್ಲಿನ ಇದ್ದಿಲಿನಲ್ಲಿ ಶ್ರೀಗಂಧ ಇದೆ. ಮಾವು ಮತ್ತು ನಿಂಬೆ ಜಾತಿಯ ಮರಗಳೂ ಇವೆ. ಇವು ಆ ಒಣ ಕುರುಚಲಿನಲ್ಲಿ ತಾವಾಗಿ ಬೆಳೆಯುವಂಥವಲ್ಲ. ಯಾರೋ ನೆಟ್ಟು, ನೀರೆರೆದು ಬೆಳೆಸಿರಬೇಕು. ಹೊಲದ ಬೇಸಾಯದ ಜೊತೆ ತೋಟವೂ ಶುರುವಾಗಿತ್ತೆಂಬುದಕ್ಕೆ ಇದು ಸೂಚನೆ. ಹಣ್ಣಿನ ಮರ ನೆಟ್ಟವರು ಅದರ ಫಲಕ್ಕಾಗಿ ವರ್ಷಗಟ್ಟಲೆ ಅದೇ ಊರಿನಲ್ಲಿ ಕಾಯಬೇಕು. ಅಲೆಮಾರಿ ದನಗಾಹಿಗಳ ಹಳೆಯ ಚಿತ್ರಕ್ಕೆ ಇದು ಹೊಂದುವುದಿಲ್ಲ. ಹಳ್ಳೂರಿನಲ್ಲಿ ಕಬ್ಬಿಣಯುಗದ ಹೊಸ್ತಿಲಿನ ಕಾಲದ ಹತ್ತಿ ಮತ್ತು ಅಗಸೆಯ ಬೀಜಗಳು ಸಿಕ್ಕಿವೆ. ಆ ಹೊತ್ತಿಗೆ ನೂಲುವ ಕಸುಬು ಇಲ್ಲಿಗೆ ಬಂದಿತ್ತು.

ಕಾಣದೆ ಉಳಿಯುವ ಬೆಳೆಗಳು

ಬೆಂಕಿಯ ಹತ್ತಿರ ಬಂದದ್ದಷ್ಟೇ ಉಳಿಯುವುದರಿಂದ ಈ ಸಾಕ್ಷಿಗೆ ಒಂದು ಓರೆ ಇದೆ. ಹುರಿದು ಬೇಯಿಸುವ ಕಾಳಿನ ಪಾಲು ಹೆಚ್ಚಾಗಿ ಕಾಣುತ್ತದೆ, ಹಸಿಯಾಗಿ ತಿಂದ ಸೊಪ್ಪು, ಸೌತೆ, ಹಣ್ಣು ಕಾಣುವುದಿಲ್ಲ. ಗೆಡ್ಡೆಗಳ ಸುಟ್ಟ ಚೂರುಗಳು ಹಲವು ನೆಲೆಗಳಲ್ಲಿ ಬಂದಿವೆ, ಆದರೆ ಯಾವ ಗೆಡ್ಡೆ ಎಂದು ಹೆಸರಿಸುವುದು ಕಷ್ಟ. ಬೂದಿದಿಬ್ಬಗಳಲ್ಲಂತೂ ಸಗಣಿ ಗಾಜಿನಂತೆ ಕರಗುವಷ್ಟು ಶಾಖವಿದ್ದದ್ದರಿಂದ ಕಾಳು ಉಳಿದದ್ದು ಬಹಳ ಕಡಿಮೆ. ಬೇಸಾಯದ ಸಾಕ್ಷಿಯಲ್ಲಿ ಬಹುಪಾಲು ಕ್ರಿ.ಪೂ. 2000ದ ಆಚೀಚಿನ ಬೆಟ್ಟದ ಮೇಲಿನ ಊರುಗಳಿಂದ ಬಂದಿರುವುದಕ್ಕೆ ಇದೂ ಒಂದು ಕಾರಣ. ಕ್ರಿ.ಪೂ. 3ನೆಯ ಸಹಸ್ರಮಾನದ ಮೊದಲ ದಿಬ್ಬಗಳ ಜನ ಎಷ್ಟು ಬಿತ್ತುತ್ತಿದ್ದರು ಎಂಬ ಚರ್ಚೆ ಹೀಗಾಗಿ ಇನ್ನೂ ನಡೆದಿದೆ.

ಗುರುತಿಸುವ ಕೆಲಸಕ್ಕೆ ಹೋಲಿಕೆಯ ಬೀಜಗಳು ಬೇಕು, ಅವೂ ಹಲವು ಊರುಗಳ ಹಲವು ತಳಿಗಳು, ಕಾಡುಸೋದರರ ಸಮೇತ. ಕೊರಲೆಯನ್ನು ಕರಕಲಿನಲ್ಲಿ ಗುರುತಿಸಲಾದದ್ದು ಕೊರಲೆ ಬೆಳೆಯುವ ಹೊಲಗಳು ಇನ್ನೂ ಇದ್ದುದರಿಂದ. ಬೆಳೆಯುವವರೇ ಇಲ್ಲವಾದ ಕಿರುಧಾನ್ಯವೊಂದರ ಸುಟ್ಟ ಕಾಳು ಬಲೆಯ ಮೇಲೆ ಬಂದು ನಿಂತರೂ ಅದು ವರದಿಯಲ್ಲಿ ಹೆಸರಿಲ್ಲದ ಹುಲ್ಲಿನ ಬೀಜವಾಗಿಯೇ ದಾಖಲಾಗುತ್ತದೆ. ಉತ್ಖನನ ನಡೆದ ಪ್ರತಿ ನೆಲೆಯ ಸುತ್ತಲ ಊರುಗಳಿಂದ ಹಳೆಯ ತಳಿಗಳ ಕಾಳು, ಹೊಟ್ಟು, ಹೊಲದ ಕಳೆಬೀಜಗಳನ್ನು ಸಂಗ್ರಹಿಸಿ, ಅವನ್ನೂ ಸುಟ್ಟು ಕರಕಲುಮಾಡಿ ಚಿತ್ರ ಸಹಿತ ಪಟ್ಟಿ ಮಾಡುವುದು ಈ ಶಾಸ್ತ್ರದ ದಿನನಿತ್ಯದ ಕೆಲಸ. ಮಲೆನಾಡು ಮತ್ತು ಕರಾವಳಿಯ ನೆಲೆಗಳಲ್ಲಿ ಮಣ್ಣು ತೊಳೆದದ್ದು ಬಯಲುಸೀಮೆಗೆ ಹೋಲಿಸಿದರೆ ಅತ್ಯಲ್ಪ. ಘಟ್ಟದ ಅಂಚಿನ ಕಾಡುಹೆಸರಿನ ಸೀಮೆಯೂ ಅದರಲ್ಲಿ ಸೇರಿದೆ.